ಆರ್ಯಭಟ ಹಾರಿದ್ದು ಬೈಕನೂರಿನಿಂದ ಅಲ್ಲ

ನಿಮ್ಮ ಪ್ರಶ್ನೆ: "ಆರ್ಯಭಟ, ರಾಕೇಶ್ ಶರ್ಮಾ ಇಬ್ಬರೂ ಬೈಕನೂರಿನಿಂದಲೇ ಹೋದದ್ದಲ್ವಾ? ಅದು ರಷ್ಯಾದಲ್ಲಿದೆ ತಾನೆ?"

ಅರ್ಧ ಸರಿ. ಗಗನಯಾತ್ರಿ ಶರ್ಮಾ ಅವರು 1984ರ ಏಪ್ರಿಲ್ 3ರಂದು ಹೊರಟಿದ್ದು ಬೈಕನೂರು ಉಡಾವಣಾ ಕೇಂದ್ರದಿಂದಲೇ. ಆದರೆ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಹಾರಿದ್ದು ಕಪೂಸ್ತಿನ್ ಯಾರ್ ಎಂಬ ಉಡಾವಣಾ ನೆಲೆಯಿಂದ. ಅದು ರಷ್ಯಾದಲ್ಲೇ, ವೋಲ್ಗಾ ನದಿಯ ಕೆಳಭಾಗದ ಆಸ್ತ್ರಖಾನ್ ಪ್ರಾಂತ್ಯದಲ್ಲಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, ಜರ್ಮನ್ನರ ವಿ-2 ರಾಕೆಟ್‌ಗಳನ್ನು ತಂದು 1947ರಲ್ಲಿ ಹಾರಿಸಿ ನೋಡಿದ ಜಾಗ ಅದೇ. ಬೈಕನೂರು ಹುಟ್ಟಿದ್ದು ಆಮೇಲೆ.

ನಮ್ಮ ಪೀಣ್ಯದ ಶೆಡ್‌ಗಳಲ್ಲಿ ಯು.ಆರ್. ರಾವ್ ಅವರ ತಂಡ ಕಟ್ಟಿದ 360 ಕೆ.ಜಿ. ಉಪಗ್ರಹ ಆರ್ಯಭಟ. 26 ಮುಖಗಳು, ಮೇಲಿನದು, ಕೆಳಗಿನದು ಬಿಟ್ಟು ಉಳಿದೆಲ್ಲ ಕಡೆ ಸೌರಕೋಶಗಳು. ಹಳೇ ಎರಡು ರೂಪಾಯಿ ನೋಟು ಮನೆಯಲ್ಲಿದ್ದರೆ ಹಿಂಬದಿ ನೋಡಿ, ಚಿತ್ರವಿದೆ. ಅದನ್ನು ಒಯ್ಯಲು ಚಿಕ್ಕ ಕಾಸ್ಮೋಸ್ ರಾಕೆಟ್ ಸಾಕಾಯಿತು.

ಇನ್ನು ಬೈಕನೂರು ಇರುವುದು ಕಝಾಕಸ್ತಾನದಲ್ಲಿ. ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯಾ ಅದಕ್ಕೆ ಬಾಡಿಗೆ ಕಟ್ಟುತ್ತಿದೆ, ವರ್ಷಕ್ಕೆ 11.5 ಕೋಟಿ ಡಾಲರ್. ಕರಾರು 2050ರ ತನಕ. ತಮಾಷೆಯೆಂದರೆ ಹೆಸರೂ ಅದರದ್ದಲ್ಲ. ನಿಜವಾದ ಬೈಕನೂರು ಸುಮಾರು 300 ಕಿ.ಮೀ. ಆಚೆಯ ಗಣಿ ಊರು. ಉಡಾವಣಾ ಕೇಂದ್ರ ಇರುವುದು ತ್ಯೂರಾತಾಮ್ ರೈಲು ನಿಲ್ದಾಣದ ಬಳಿ. ಅಮೆರಿಕದ ಕಣ್ಣು ತಪ್ಪಿಸೋಕೆ ಇಟ್ಟ ಹೆಸರು ಅಂತಾರೆ. ಬೇಹು ವಿಮಾನ ಅದನ್ನು 1957ರಲ್ಲೇ ಪತ್ತೆ ಹಚ್ಚಿತ್ತು ಅನ್ನೋದು ಬೇರೆ ಮಾತು!

ಬಾಡಿಗೆ ಕಾಟ ತಪ್ಪಿಸಲೆಂದೇ ರಷ್ಯಾ ತನ್ನ ನೆಲದಲ್ಲಿ ವೊಸ್ತೋಚ್ನಿ ಉಡಾವಣಾ ಕೇಂದ್ರ ಕಟ್ಟಿ 2016ರಲ್ಲಿ ಮೊದಲ ರಾಕೆಟ್ ಹಾರಿಸಿತು.