ಒಂದೇ ಬಾಟಲಿ: ಒಬ್ಬರಿಗೆ ಘಮಘಮ, ಇನ್ನೊಬ್ಬರಿಗೆ ತಲೆನೋವು, ಯಾಕೆ ಹೀಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನೂ ನಮ್ಮೆಜಮಾನ್ರೂ ಇಬ್ರೂ ಹಾಕ್ಕೋಬಹುದು ಅಂತ ಒಂದು ಯೂನಿಸೆಕ್ಸ್ ಪರ್ಫ್ಯೂಮ್ ತಗೊಂಡ್ವಿ. ಸಿಕ್ಕಾಪಟ್ಟೆ ಸ್ಟ್ರಾಂಗು, ಬೆಳಿಗ್ಗೆ ಹಾಕ್ಕೊಂಡ್ರೆ ರಾತ್ರಿವರೆಗೂ ಇರತ್ತೆ ಅಂದಿದ್ರು. ಆದ್ರೆ ನನಗೆ ಅರ್ಧ ಗಂಟೆಗೇ ವಾಸನೆ ಹೋಗ್ಬಿಡತ್ತೆ, ಅದಕ್ಕೆ ಮತ್ತೆ ಎರಡು ಸಲ ಹೊಡ್ಕೋತೀನಿ. ನಮ್ಮೆಜಮಾನ್ರಿಗೆ ಸುಟ್ಟ ಸಕ್ಕರೆ ಥರ ಬರತ್ತಂತೆ, ತುಂಬಾ ಇಷ್ಟ. ನನ್ನ ತಂಗಿ ಆಸ್ಪತ್ರೆ ವಾಸನೆ ಅಂತ ಮೂಗು ಮುಚ್ಕೋತಾಳೆ. ಆಫೀಸಲ್ಲಿ ಪಕ್ಕದ ಸೀಟಿನವರು ಮೊನ್ನೆ ಎದ್ದು ಕಿಟಕಿ ತೆಗೆದ್ರು. ತಗೊಂಡವರು ಬರೆದಿರೋದನ್ನ ಓದಿದ್ರೆ ಅಲ್ಲೂ ಇದೇ ಕಥೆ, ಅರ್ಧ ಜನ ಪ್ರಾಣ ಬಿಡ್ತಾರೆ, ಅರ್ಧ ಜನ ಬೈತಾರೆ. ಯಾರ ಮಾತು ನಂಬೋದು? ನಮ್ಮ ಬಾಟಲಿ ಡೂಪ್ಲಿಕೇಟಾ?

ಉತ್ತರ: ಬಾಟಲಿ ಬಗ್ಗೆ ಆಮೇಲೆ ಹೇಳ್ತೀನಿ, ಮೊದಲು ದಯವಿಟ್ಟು ಆ ಎರಡನೇ ಸಲ ಹೊಡ್ಕೊಳ್ಳೋದನ್ನ ನಿಲ್ಲಿಸಿ. ವಾಸನೆ ಎಲ್ಲೂ ಹೋಗಿಲ್ಲ, ನಿಮ್ಮ ಮೂಗು ಅದನ್ನ ಲೆಕ್ಕಕ್ಕೆ ತಗೊಳ್ಳೋದು ಬಿಟ್ಟಿದೆ ಅಷ್ಟೆ. ಒಂದೇ ವಾಸನೆ ಬಿಡದೆ ಬರ್ತಿದ್ರೆ ಮೂಗೂ ಮೆದುಳೂ ಕೆಲವೇ ನಿಮಿಷದಲ್ಲಿ ಅದಕ್ಕೆ ಒಗ್ಗಿಹೋಗತ್ತೆ, ನಮ್ಮ ಮನೆ ವಾಸನೆ ನಮಗೆ ಗೊತ್ತಾಗಲ್ಲ ಬಂದವರಿಗೆ ಬಾಗಿಲಲ್ಲೇ ಗೊತ್ತಾಗತ್ತಲ್ಲ, ಅದೇ ಇದು. ಸ್ಟ್ರಾಂಗ್ ಪರ್ಫ್ಯೂಮಲ್ಲೂ ಇದು ಆಗತ್ತೆ, ಅದರಲ್ಲೂ ಕುತ್ತಿಗೆಗೆ ಹೊಡ್ಕೊಂಡ್ರೆ ದಿನವಿಡೀ ಮೂಗಿನ ಕೆಳಗೇ ಇರತ್ತೆ. ನಿಮಗೆ ಖಾಲಿ ಅನ್ಸೋ ಹೊತ್ತಿಗೆ ಪಕ್ಕದ ಸೀಟಿನವರಿಗೆ ಅದು ತುಂಬಿ ತುಳುಕ್ತಿರತ್ತೆ, ಪಾಪ ಅವರು ಕಿಟಕಿ ತೆಗೆದಿದ್ದು ಅದಕ್ಕೇ. ಅನುಮಾನ ಇದ್ರೆ ಇವತ್ತು ಹಾಕ್ಕೊಂಡಿದ್ದ ದುಪಟ್ಟಾನ ರಾತ್ರಿ ಬೇರೆ ರೂಮಲ್ಲಿಟ್ಟು ಬೆಳಿಗ್ಗೆ ಎದ್ದ ತಕ್ಷಣ ಮೂಸಿ ನೋಡಿ, ನಿನ್ನೆ ಅರ್ಧ ಗಂಟೆಗೆ ಹೋಯ್ತು ಅಂದ್ಕೊಂಡಿದ್ದು ಬಟ್ಟೇಲಿ ಹಾಗೇ ಕೂತಿರತ್ತೆ.

ಇನ್ನು ಸಕ್ಕರೆನೋ ಆಸ್ಪತ್ರೆನೋ ಅನ್ನೋ ಜಗಳ. ಇಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ, ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ಮನೆಮನೇಲಿ ಇದರ ಮೇಲೆ ಸುಮ್ಮನೆ ಮನಸ್ತಾಪ ಆಗತ್ತೆ. ನಮ್ಮ ಮೂಗಲ್ಲಿ ವಾಸನೆ ಹಿಡಿಯೋ ರಿಸೆಪ್ಟರ್‌ಗಳು ಸುಮಾರು 400 ಬಗೆ ಇವೆ. ಇವುಗಳ ಜೀನ್‌ಗಳನ್ನ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಪತ್ತೆ ಮಾಡಿದ್ರು, ಅದಕ್ಕೇ 2004ರಲ್ಲಿ ನೊಬೆಲ್ ಬಂತು. ಈ ಜೀನ್‌ಗಳು ಎಲ್ಲರಲ್ಲೂ ಒಂದೇ ಥರ ಇರಲ್ಲ, ಒಬ್ಬರಲ್ಲಿ ಚುರುಕಾಗಿರೋದು ಇನ್ನೊಬ್ಬರಲ್ಲಿ ಮಂದ ಇರಬಹುದು. ಆಂಡ್ರೊಸ್ಟೆನೋನ್ ಅಂತ ಒಂದು ವಸ್ತು ಇದೆ, ಬೆವರಲ್ಲಿ ಇರತ್ತೆ. ಅದು ಕೆಲವರಿಗೆ ಮೂತ್ರದ ನಾತ, ಕೆಲವರಿಗೆ ವೆನಿಲಾ ಥರ ಸಿಹಿ, ಇನ್ನು ಕೆಲವರಿಗೆ ಏನೂ ಇಲ್ಲ. ಈ ವ್ಯತ್ಯಾಸಕ್ಕೂ ಓಆರ್7ಡಿ4 ಅನ್ನೋ ಒಂದು ಜೀನ್‌ಗೂ ಸಂಬಂಧ ಇದೆ ಅಂತ 2007ರಲ್ಲಿ ತೋರಿಸಿದ್ರು. ಒಂದೇ ಒಂದು ವಸ್ತುವಿಗೇ ಹಿಂಗಾದ್ರೆ ಹತ್ತಾರು ವಸ್ತು ಬೆರೆಸಿರೋ ಪರ್ಫ್ಯೂಮಿಗೆ ಎಲ್ಲರೂ ಒಂದೇ ಮಾತು ಹೇಳ್ತಾರೆ ಅಂತ ಹೇಗೆ ನಿರೀಕ್ಷೆ ಮಾಡೋದು?

ಈಗಿನ ತುಂಬಾ ಹೊತ್ತು ಉಳಿಯೋ ಯೂನಿಸೆಕ್ಸ್ ಪರ್ಫ್ಯೂಮುಗಳಲ್ಲಿ ಈ ಜಗಳ ಇನ್ನೂ ಜಾಸ್ತಿ. ಕಾರಣ ಒಳಗೆ ಹಾಕೋ ಸಾಮಾನು. ನಿಂಬೆ ಜಾತಿ ಹಣ್ಣಿನ ಲಿಮೊನೀನ್ ಹಗುರ, ಅದರ ಅಣುತೂಕ 136, ಹಾಕಿದ ಸ್ವಲ್ಪ ಹೊತ್ತಲ್ಲೇ ಹಾರಿಹೋಗತ್ತೆ. ಅಂಬ್ರಾಕ್ಸಾನ್ ಅನ್ನೋ ಸುಗಂಧ ವಸ್ತು 236, ಗ್ಯಾಲಕ್ಸೊಲೈಡ್ ಅನ್ನೋ ಕೃತಕ ಕಸ್ತೂರಿ 258, ಇವು ನಿಧಾನಕ್ಕೆ ಆವಿಯಾಗ್ತವೆ, ಹಾಗಾಗಿ ದಿನವಿಡೀ ಕೂತಿರ್ತವೆ. (ಅಂಬ್ರಾಕ್ಸಾನಿನ ಮೂಲ ತಿಮಿಂಗಿಲದ ಕರುಳಲ್ಲಿ ಹುಟ್ಟೋ ಅಂಬರ್‌ಗ್ರಿಸ್, ಈಗ ಅದನ್ನ ಕ್ಲಾರಿ ಸೇಜ್ ಅನ್ನೋ ಗಿಡದ ಸ್ಕ್ಲೇರಿಯೋಲ್ ಅನ್ನೋ ವಸ್ತುವಿನಿಂದ ಮಾಡ್ತಾರೆ, ನನಗಂತೂ ಇದು ತುಂಬಾ ಸಮಾಧಾನದ ವಿಷಯ.) ತೊಂದರೆ ಏನಪ್ಪಾ ಅಂದ್ರೆ ಹೀಗೆ ಹೆಚ್ಚು ಹೊತ್ತು ನಿಲ್ಲೋ ಕಸ್ತೂರಿ ಜಾತಿ ವಸ್ತುಗಳಿಗೇ ಎಷ್ಟೋ ಜನರ ಮೂಗು ಕಿವುಡು. ಪರ್ಫ್ಯೂಮ್ ಬೆರೆಸೋದನ್ನ ಕಲಿಸುವಾಗ ನಾನು ಗ್ಯಾಲಕ್ಸೊಲೈಡ್ ಅದ್ದಿದ ಪೇಪರ್ ಪಟ್ಟಿಯನ್ನ ಒಬ್ಬೊಬ್ಬರಿಗೆ ಕೊಡ್ತೀನಿ, ಒಬ್ಬರು ಒಗೆದ ಬಟ್ಟೆ ಥರ ಹಿತವಾಗಿದೆ ಅಂತಾರೆ, ಪಕ್ಕದಲ್ಲಿ ಕೂತವರು ಪಟ್ಟಿ ತಿರುಗಿಸಿ ತಿರುಗಿಸಿ ಮೂಸಿ, ಮೇಡಂ ಇದಕ್ಕೆ ಹಾಕೋದು ಮರೆತಿದೀರ ಅಂತಾರೆ.

ನಿಮ್ಮ ತಂಗಿ ಮತ್ತು ಯಜಮಾನ್ರ ಜಗಳಕ್ಕೆ ಹೆಸರುವಾಸಿ ಉದಾಹರಣೆ ಬಾಕರಾ ರೂಜ್ 540 ಅನ್ನೋ ಪರ್ಫ್ಯೂಮ್. ಪರ್ಫ್ಯೂಮ್ ತಯಾರಕ ಫ್ರಾನ್ಸಿಸ್ ಕುರ್ಕ್‌ಜಿಯಾನ್ ಮಾಡಿದ್ದು, 2015ರಲ್ಲಿ ಮಾರುಕಟ್ಟೆಗೆ ಬಂತು, ಗಂಡಸರು ಹೆಂಗಸರು ಇಬ್ರೂ ಹಾಕ್ಕೋತಾರೆ. ಅದರ ಬಗ್ಗೆನೂ ಕೆಲವರು ಸುಟ್ಟ ಸಕ್ಕರೆ ಅಂತಾರೆ, ಕೆಲವರು ಹಲ್ಲಿನ ಡಾಕ್ಟರ್ ಕ್ಲಿನಿಕ್ ಅಂತಾರೆ, ಇನ್ನು ಕೆಲವರು ನನಗೆ ಏನೂ ಬರ್ತಿಲ್ಲ ಅಂತಾರೆ. ಆದ್ದರಿಂದ ನಿಮ್ಮ ಮನೇಲಿ ಅಭಿಪ್ರಾಯ ಬೇರೆಬೇರೆ ಇದೆ ಅನ್ನೋ ಒಂದೇ ಕಾರಣಕ್ಕೆ ಬಾಟಲಿ ಡೂಪ್ಲಿಕೇಟ್ ಅನ್ನೋಕೆ ಆಗಲ್ಲ. ಬೇರೆಯವರಿಗೂ ಒಂದು ಗಂಟೇಲಿ ಹೋಗ್ಬಿಡ್ತು ಅನ್ಸಿದ್ರೆ ಆಗ ಅನುಮಾನ ಪಡಿ.

ಅಂದಹಾಗೆ ಯೂನಿಸೆಕ್ಸ್ ಅನ್ನೋ ಪದಕ್ಕೆ ಜಾಸ್ತಿ ಬೆಲೆ ಕೊಡ್ಬೇಡಿ. ಘಮಕ್ಕೆ ಗಂಡು ಹೆಣ್ಣು ಇಲ್ಲ. 1889ರ ಗೆರ್ಲಾಂ ಕಂಪನಿಯ ಜಿಕಿ ಅನ್ನೋ ಪರ್ಫ್ಯೂಮನ್ನ ಆಗಿನಿಂದಲೂ ಇಬ್ರೂ ಹಾಕ್ಕೊಂಡು ಬಂದಿದಾರೆ, 1994ರಲ್ಲಿ ಕ್ಯಾಲ್ವಿನ್ ಕ್ಲೈನ್ ಕಂಪನಿಯ ಸಿಕೆ ಒನ್ ಪರ್ಫ್ಯೂಮ್ ಬಂದಮೇಲೆ ಅದೇ ಮಾತು ಡಬ್ಬಿ ಮೇಲೆ ದೊಡ್ಡದಾಯ್ತು ಅಷ್ಟೆ.

ಹಾಗಾದ್ರೆ ಯಾರನ್ನ ನಂಬೋದು ಅಂದ್ರಲ್ಲ, ಬರೆದವರ ಇಷ್ಟಾನಿಷ್ಟ ಬಿಡಿ, ಅವರು ಎಲ್ಲಿಗೆ ಎಷ್ಟು ಸ್ಪ್ರೇ ಹಾಕಿದ್ರು, ಎಷ್ಟು ಹೊತ್ತಾದಮೇಲೆ ಯಾರು ಮೂಸಿ ಹೇಳಿದ್ರು ಅನ್ನೋದನ್ನ ಮಾತ್ರ ನೋಡಿ. ಐದು ನಿಮಿಷಕ್ಕೆ ಬರೆದದ್ದು ಮೇಲಿನ ಪದರದ, ಅಂದ್ರೆ ಮೊದಲು ಬರೋ ಹಗುರ ಘಮದ ಮಾತು, ಅದು ಹಾರಿಹೋಗೋದೇ. ನೀವೂ ಹೊಸದು ತಗೊಳ್ಳೋ ಮುಂಚೆ ಪೇಪರ್ ಮೇಲೆ ನೋಡಿ ತೀರ್ಮಾನ ಮಾಡ್ಬೇಡಿ, ಮೊಣಕೈ ಒಳಗಡೆ ಒಂದೇ ಒಂದು ಸ್ಪ್ರೇ ಹಾಕ್ಕೊಂಡು ಒಂದಿಡೀ ದಿನ ನಿಮ್ಮ ಕೆಲಸ ನೋಡ್ಕೊಳ್ಳಿ, ನಾಲ್ಕು ಗಂಟೆ ಆದಮೇಲೆ ಹೊರಗಿಂದ ಬಂದ ಯಾರನ್ನಾದ್ರೂ ಕೇಳಿ. ಅವರ ಮೂಗು ಹೊಸದು, ಅದೇ ನಿಜವಾದ ಅಳತೆ. ಒಣ ಚರ್ಮದವರಿಗೆ ಬೇಗ ಹೋಗತ್ತೆ, ವಾಸನೆ ಇಲ್ಲದ ಮಾಯಿಶ್ಚರೈಸರ್ ಮೊದಲು ಹಚ್ಕೊಂಡ್ರೆ ಸ್ವಲ್ಪ ಜಾಸ್ತಿ ನಿಲ್ಲತ್ತೆ.

ಆಫೀಸಿಗೆ ಒಂದು ಸ್ಪ್ರೇ ಸಾಕು, ಅದೂ ಶರ್ಟಿನ ಒಳಗೆ ಎದೆ ಹತ್ರ. ನಾಳೆ ಪಕ್ಕದವರನ್ನ ನೀವೇ ಹೋಗಿ ಕೇಳಿ, ನನ್ನ ಪರ್ಫ್ಯೂಮಿಂದ ತೊಂದರೆ ಆಗ್ತಿದ್ಯಾ ಅಂತ. ಮೈಗ್ರೇನ್ ಇರೋರಿಗೆ, ಅಸ್ತಮಾ ಇರೋರಿಗೆ ಜೋರು ವಾಸನೆ ನಿಜಕ್ಕೂ ಕಷ್ಟ ಕೊಡತ್ತೆ, ಸಂಕೋಚಕ್ಕೆ ಬಾಯಿಬಿಟ್ಟು ಹೇಳಲ್ಲ. ಅವರಿಗೆ ಆಗಲ್ಲ ಅಂದ್ರೆ ಈ ಬಾಟಲಿ ರಜೆ ದಿನಕ್ಕೆ ಇಟ್ಕೊಳ್ಳಿ.

ಪ್ರಶ್ನೆ: ಮಣಿಕಟ್ಟಿಗೆ ಹೊಡ್ಕೊಂಡು ಉಜ್ಜಿದ್ರೆ ಅಣುಗಳು ಒಡೆದು ಹೋಗ್ತವಂತೆ, ನಿಜಾನಾ? ನನಗೆ ಅಲ್ಲೇ ಕೆಂಪಗೆ ತುರಿಕೆನೂ ಬರತ್ತೆ.

ಉತ್ತರ: ಉಜ್ಜಿದ್ರೆ ಅಣು ಒಡೆಯಲ್ಲ. ಬಿಸಿಗೆ ಮೇಲಿನ ಹಗುರ ಘಮ ಸ್ವಲ್ಪ ಬೇಗ ಹೋಗಬಹುದು, ಅಷ್ಟೆ. ತುರಿಕೆ ಮಾತ್ರ ಲಘುವಾಗಿ ತಗೋಬೇಡಿ, ಇವತ್ತಿಂದಲೇ ಚರ್ಮಕ್ಕೆ ಹಾಕೋದು ಬಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ ಪ್ಯಾಚ್ ಟೆಸ್ಟ್ (ಯಾವ ವಸ್ತುವಿಗೆ ಅಲರ್ಜಿ ಅಂತ ಚರ್ಮದ ಮೇಲೆ ಇಟ್ಟು ನೋಡೋ ಪರೀಕ್ಷೆ) ಮಾಡಿಸಿ. ಅಲರ್ಜಿ ತರೋ ಸುಗಂಧ ವಸ್ತುಗಳ ಹೆಸರನ್ನ ಲೇಬಲ್ ಮೇಲೆ ಬರೀಬೇಕು ಅಂತ ಯುರೋಪಿನಲ್ಲಿ ನಿಯಮ ಇದೆ, ಮೊದಲು 26 ಇತ್ತು, 2023ರಲ್ಲಿ ಆ ಪಟ್ಟಿಯನ್ನ 80ಕ್ಕೂ ಮೇಲೆ ಬೆಳೆಸಿದ್ರು. ಲಿನಲೂಲ್, ಲಿಮೊನೀನ್, ಕೌಮರಿನ್ ಅಂತ ಡಬ್ಬಿ ಹಿಂದೆ ಸಣ್ಣ ಅಕ್ಷರದಲ್ಲಿ ಇರತ್ತಲ್ಲ, ಅವೇ. ಡಾಕ್ಟರ್ ಹತ್ರ ಹೋಗುವಾಗ ಆ ಡಬ್ಬಿನೂ ಕೈಲಿ ತಗೊಂಡು ಹೋಗಿ.