ಆರೋಪಿಯ ಎದುರು ಆಡಬೇಕಾದ ಮೊದಲ ಮಾತು: ಒಂದು ಆಪ್ತಸಲಹೆ ಪ್ರಕರಣ

ವಿಧಿವಿಜ್ಞಾನ ಮನಶ್ಶಾಸ್ತ್ರವನ್ನೇ, ಅಂದರೆ ನ್ಯಾಯಾಲಯ, ಕಾರಾಗೃಹಗಳ ಕೆಲಸಕ್ಕೆ ಮನಶ್ಶಾಸ್ತ್ರವನ್ನು ಬಳಸುವ ಫೊರೆನ್ಸಿಕ್ ಸೈಕಾಲಜಿಯನ್ನೇ ಓದುವುದೆಂದು ಮೊದಲೇ ತೀರ್ಮಾನಿಸಿಕೊಂಡು, ಯಾವ ಕೋರ್ಸಿಗೆ ಸೇರಬೇಕು ಎಂಬುದನ್ನಷ್ಟೇ ಕೇಳಲು ಬರುವ ಯುವಜನರು ಈಚಿನ ವರ್ಷಗಳಲ್ಲಿ ನನ್ನ ಬಳಿ ಹೆಚ್ಚಾಗಿದ್ದಾರೆ. ಅವರಲ್ಲಿ ಬಹುಪಾಲು ಜನರಿಗೆ ನಾನು ಕೊಡುವ ಸಲಹೆ ಒಂದೇ. ಅದನ್ನು ಕೇಳಿದ ಬಹುಪಾಲು ಜನರು ನಿರಾಶರಾಗಿಯೇ ಎದ್ದು ಹೋಗುತ್ತಾರೆ. ಇಲ್ಲಿ ಬರೆಯುತ್ತಿರುವ ಪ್ರಕರಣದಲ್ಲಿಯೂ ಸಲಹೆ ಬದಲಾಗಲಿಲ್ಲ, ಆದರೆ ಅದನ್ನು ಏಕೆ ಕೊಡುತ್ತೇನೆ ಎಂಬುದು ನನಗೇ ಹಿಂದಿಗಿಂತ ಸ್ಪಷ್ಟವಾಯಿತು. ಸಲಹೆ ಕೇಳಲು ಬಂದ ಯುವತಿಯ ತಂದೆಯಿಂದಲೂ ನನ್ನ ಸಹೋದ್ಯೋಗಿಯೊಬ್ಬರಿಂದಲೂ ಬಂದ ಆಕ್ಷೇಪಗಳಿಗೆ ಉತ್ತರ ಕೊಡಬೇಕೆಂಬ ಒತ್ತಾಯವೂ ಈ ಬರಹದ ಹಿಂದೆ ಇದೆ. ಸಲಹಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಆಕೆಯನ್ನು ವಿಭಾ ಎಂದು ಕರೆಯೋಣ. ವಯಸ್ಸು 23. ಮನಶ್ಶಾಸ್ತ್ರದಲ್ಲಿ ಪದವಿ ಮುಗಿಸಿ, ಸಂಕಟದಲ್ಲಿರುವವರಿಗಾಗಿ ನಡೆಯುವ ಸಹಾಯವಾಣಿಯೊಂದರಲ್ಲಿ ಒಂದು ವರ್ಷ ಸ್ವಯಂಸೇವಕಿಯಾಗಿ ಕೆಲಸ ಮಾಡಿದ್ದಳು. ಎದುರಿಗಿರುವವರ ಮಾತು ಮುಗಿಯುವವರೆಗೆ ಕಾಯುವ ತಾಳ್ಮೆ ಆಕೆಗೆ ಇತ್ತು. ಅದು ಆ ವಯಸ್ಸಿನಲ್ಲಿ ಅಪರೂಪ. ಮೊದಲ ಭೇಟಿಗೆ ಎರಡು ಕೋರ್ಸುಗಳ ಮಾಹಿತಿಪತ್ರ ತಂದಿದ್ದಳು. ಒಂದು, ಪೂರ್ತಿಯಾಗಿ ಆನ್‌ಲೈನಿನಲ್ಲಿ ನಡೆಯುವ ಒಂದು ವರ್ಷದ ಡಿಪ್ಲೊಮಾ. ಇನ್ನೊಂದು, ಎರಡು ವರ್ಷದ ಸ್ನಾತಕೋತ್ತರ ಪದವಿ. ಬೇಗ ಮುಗಿಯುವುದೇ ಇರಲಿ ಎಂಬುದು ತಂದೆಯ ಅಭಿಪ್ರಾಯವಾಗಿತ್ತು.

ಈ ಕ್ಷೇತ್ರದ ಬಗ್ಗೆ ಆಕೆಗೆ ಏನು ಗೊತ್ತು ಎಂದು ತಿಳಿಯಲು ಮೊದಲ ಭೇಟಿಯನ್ನು ಮೀಸಲಿಟ್ಟೆ. ಅಪರಾಧಿಯ ಮನಸ್ಸನ್ನು ಓದಿ ಪೊಲೀಸರಿಗೆ ಸುಳಿವು ಕೊಡುವ ಕೆಲಸ ಎಂಬ ಉತ್ತರವೇ ಬರಬಹುದೆಂದು ಕಾದಿದ್ದ ನನಗೆ ಆಶ್ಚರ್ಯವಾಯಿತು. ಆರೋಪಿ ತನ್ನ ಮೇಲಿನ ವಿಚಾರಣೆಯನ್ನು ಅರ್ಥ ಮಾಡಿಕೊಂಡು ವಕೀಲರಿಗೆ ನೆರವಾಗಬಲ್ಲನೇ ಎಂಬುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟು 1960ರ ಡಸ್ಕಿ ಪ್ರಕರಣದಲ್ಲಿ ಕೊಟ್ಟ ಅಳತೆಗೋಲು, ಕೃತ್ಯದ ಹೊತ್ತಿನ ಬುದ್ಧಿಭ್ರಮಣೆಯ ಬಗ್ಗೆ 1843ರಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಮೆಕ್‌ನಾಟನ್ ನಿಯಮ, ಪ್ರಶ್ನೆಯಲ್ಲಿನ ಒಂದು ಕ್ರಿಯಾಪದ ಬದಲಾದರೆ ಸಾಕ್ಷಿಯ ನೆನಪೂ ಬದಲಾಗುತ್ತದೆಂದು ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ತೋರಿಸಿದ ಪ್ರಯೋಗ, ಹೀಗೆ ಆಕೆ ಒಂದೊಂದಾಗಿ ಹೇಳುತ್ತಾ ಹೋದಳು. ಹಿಂಸೆಯ ಅಪಾಯವನ್ನು ಅಂದಾಜಿಸಲು ಬಳಸುವ ಎಚ್‌ಸಿಆರ್-20 ಎಂಬ ಸಾಧನದಲ್ಲಿ ಹಿಂದಿನ ಬದುಕಿಗೆ ಸಂಬಂಧಿಸಿದ ಅಂಶಗಳು 10, ಈಗಿನ ಮನಃಸ್ಥಿತಿಗೆ ಸಂಬಂಧಿಸಿದವು 5, ಮುಂದಿನ ನಿರ್ವಹಣೆಗೆ ಸಂಬಂಧಿಸಿದವು 5 ಎಂಬುದೂ ಬಾಯಿಪಾಠವಾಗಿತ್ತು. ಕಾರಾಗೃಹ, ಭದ್ರತೆಯುಳ್ಳ ಮನೋರೋಗ ಆಸ್ಪತ್ರೆ, ಕುಟುಂಬ ನ್ಯಾಯಾಲಯ, ಬಾಲನ್ಯಾಯ ವ್ಯವಸ್ಥೆ, ಸಂಶೋಧನೆ ಇವೆಲ್ಲ ಉದ್ಯೋಗದ ಜಾಗಗಳೆಂದೂ, ಅಪರಾಧಿಯ ಚಿತ್ರ ಕಟ್ಟಿಕೊಡುವ ಪ್ರೊಫೈಲಿಂಗ್ ಎಂಬುದು ಅದರಲ್ಲಿ ತೀರ ಚಿಕ್ಕ ಮೂಲೆಯೆಂದೂ ಆಕೆಗೆ ಗೊತ್ತಿತ್ತು. ಹೀಗೆ ಓದಿಕೊಂಡು ಬಂದವರಿಗೆ ನಾನು ಹೇಳುವುದೇನಿದೆ ಎಂಬ ಅನುಮಾನದಿಂದಲೇ ಎರಡನೆಯ ಭೇಟಿಯೂ ಮುಗಿಯಿತು.

ಮೂರನೆಯ ಭೇಟಿಯಲ್ಲಿ ಒಂದು ಅಭ್ಯಾಸ ಮಾಡೋಣ ಎಂದೆ. ನಾನು ಆರೋಪಿ, ಮನೆಯೊಂದಕ್ಕೆ ಬೆಂಕಿ ಇಟ್ಟೆನೆಂಬುದು ನನ್ನ ಮೇಲಿನ ಆರೋಪ. ವಿಚಾರಣೆ ಎದುರಿಸುವ ಮಾನಸಿಕ ಸಾಮರ್ಥ್ಯ ನನಗೆ ಇದೆಯೇ ಎಂದು ಪರೀಕ್ಷಿಸಿ ವರದಿ ಕೊಡಲು ನ್ಯಾಯಾಲಯ ಆಕೆಯನ್ನು ನೇಮಿಸಿದೆ. ಒಂದು ಖಾಲಿ ಹಾಳೆಯನ್ನು ಮಡಿಸಿ, ಇದೇ ನ್ಯಾಯಾಲಯದ ಆದೇಶಪತ್ರ ಎಂದು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ಕುಳಿತೆ. ವಿಭಾ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡಳು. ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟು, ತಗ್ಗಿದ ದನಿಯಲ್ಲಿ, “ಹೆದರಬೇಡಿ. ನೀವು ಏನು ಹೇಳಿದರೂ ಅದು ನಮ್ಮಿಬ್ಬರ ನಡುವೆಯೇ ಇರುತ್ತದೆ” ಎಂದಳು.

ಸಹಾಯವಾಣಿಯಲ್ಲಿ ಸಾವಿರ ಬಾರಿ ಆಡಿ ಪಳಗಿದ ಮಾತು ಅದು, ಅಲ್ಲಿ ಅದಕ್ಕಿಂತ ಸರಿಯಾದ ಮಾತು ಬೇರೊಂದಿಲ್ಲ. ನಾನು ಪಾತ್ರದಿಂದ ಹೊರಬಂದು, ಮಡಿಸಿದ ಹಾಳೆಯನ್ನು ಆಕೆಯ ಕಡೆಗೆ ಸರಿಸಿ, “ನಿಮ್ಮ ವರದಿಯನ್ನು ಯಾರು ಯಾರು ಓದುತ್ತಾರೆ?” ಎಂದು ಕೇಳಿದೆ. ಆಕೆ ಬೆರಳು ಮಡಚಿ ಎಣಿಸತೊಡಗಿದಳು: ನ್ಯಾಯಾಧೀಶರು, ಸರ್ಕಾರಿ ವಕೀಲರು, ಆರೋಪಿಯ ಪರ ವಕೀಲರು. ನಾಲ್ಕನೆಯ ಬೆರಳಿನ ಮೇಲೆ ಹೆಬ್ಬೆರಳು ಹಾಗೆಯೇ ನಿಂತಿತು. “ಹಾಗಾದರೆ ನಾನು ಈಗ ಹೇಳಿದ್ದು ಸುಳ್ಳು” ಎಂದಳು.

ಮತ್ತೊಮ್ಮೆ ಆರಂಭಿಸಲು ಹೇಳಿದೆ. ಈ ಸಲ ಆಕೆ ತಡವರಿಸುತ್ತಲೇ, “ನಾನು ನಿಮಗೆ ಚಿಕಿತ್ಸೆ ಕೊಡಲು ಬಂದವಳಲ್ಲ. ನ್ಯಾಯಾಲಯ ನನ್ನನ್ನು ಕಳುಹಿಸಿದೆ. ನೀವು ಹೇಳಿದ್ದು ನನ್ನ ವರದಿಯಲ್ಲಿ ಬರಬಹುದು. ನಿಮಗೆ ಇಷ್ಟವಿಲ್ಲದ ಪ್ರಶ್ನೆಗೆ ನೀವು ಉತ್ತರಿಸದೆ ಇರಬಹುದು” ಎಂದಳು. ಮಾತು ಸರಿಯಾಗಿತ್ತು. ಆದರೆ ಅದನ್ನು ಆಡಿ ಮುಗಿಸಿದ ಕೂಡಲೇ ಪಾತ್ರವನ್ನು ಬಿಟ್ಟು ನನ್ನ ಮುಖ ನೋಡಿ, “ಹಾಗಾದರೆ ಇವನು ನನಗೆ ಏಕೆ ಹೇಳುತ್ತಾನೆ, ಮೇಡಂ?” ಎಂದು ಕೇಳಿದಳು.

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ನನಗೆ ಹೀಗೆ ನೇರವಾಗಿ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೇಳದೆಯೂ ಇರಬಹುದು. ಹೇಳದಿರುವುದು ಅವನ ಹಕ್ಕು. ಆ ಹಕ್ಕು ತನಗಿದೆ ಎಂದು ತಿಳಿದ ಮೇಲೆ ಅವನು ಏನು ಹೇಳುತ್ತಾನೋ ಅದನ್ನು ಮಾತ್ರ ನೀವು ಬಳಸಬಹುದು” ಎಂದೆ. ಆಕೆಯ ಕಣ್ಣು ತುಂಬಿತ್ತು. “ಅಂದರೆ ಸಹಾಯವಾಣಿಯಲ್ಲಿ ನಾನು ಕಲಿತದ್ದೆಲ್ಲ ಇಲ್ಲಿ ತಪ್ಪೇ?” ಎಂದಳು.

ತಪ್ಪಲ್ಲ, ಆದರೆ ಅದೇ ಇಲ್ಲಿ ಹೆಚ್ಚು ಎಚ್ಚರ ಬೇಡುತ್ತದೆ ಎಂದು ನಾನು ವಿವರಿಸಿದೆ. ಒರಟಾಗಿ ಪ್ರಶ್ನಿಸುವವರ ಎದುರು ಆರೋಪಿ ತಾನಾಗಿಯೇ ಬಾಯಿ ಬಿಗಿಹಿಡಿಯುತ್ತಾನೆ. ಅಕ್ಕರೆಯಿಂದ ಕೇಳಿಸಿಕೊಳ್ಳುವವರ ಎದುರು ಅವನು ತನ್ನ ಕಾವಲನ್ನು ಸಡಿಲಿಸುತ್ತಾನೆ. ಕೇಳಿಸಿಕೊಳ್ಳುವ ಕಲೆ ನಿಮ್ಮಲ್ಲಿ ಎಷ್ಟು ಚೆನ್ನಾಗಿದೆಯೋ, ನೀವು ಯಾರ ಪರವಾಗಿ ಕುಳಿತಿದ್ದೀರಿ ಎಂಬುದನ್ನು ಮೊದಲೇ ಹೇಳುವ ಹೊಣೆಯೂ ಅಷ್ಟೇ ಭಾರವಾಗುತ್ತದೆ. ಇದನ್ನು ಹೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟು 1981ರಲ್ಲಿ ತೀರ್ಮಾನಿಸಿದ ಎಸ್ಟೆಲ್ ಮತ್ತು ಸ್ಮಿತ್ ನಡುವಿನ ಪ್ರಕರಣವನ್ನು ಆಕೆಗೆ ಹೇಳಿದೆ. ಟೆಕ್ಸಾಸಿನಲ್ಲಿ ಕೊಲೆಯ ಆರೋಪ ಹೊತ್ತ ಅರ್ನೆಸ್ಟ್ ಸ್ಮಿತ್ ಎಂಬಾತನನ್ನು, ವಿಚಾರಣೆ ಎದುರಿಸಬಲ್ಲನೇ ಎಂದು ನೋಡಲು, ಮನೋವೈದ್ಯರೊಬ್ಬರು ಸುಮಾರು 90 ನಿಮಿಷ ಮಾತನಾಡಿಸಿದರು, ಎದುರಿಸಬಲ್ಲನೆಂದು ತಿಳಿಸಿದರು. ಆದರೆ ಮುಂದೆ ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ, ಅದೇ ಮಾತುಕತೆಯನ್ನು ಆಧರಿಸಿ, ಈತ ಮುಂದೆಯೂ ಸಮಾಜಕ್ಕೆ ಅಪಾಯಕಾರಿ ಎಂದು ಅವರೇ ಸಾಕ್ಷ್ಯ ನುಡಿದರು, ಮರಣದಂಡನೆ ವಿಧಿಸಲಾಯಿತು. ಮೌನವಾಗಿರುವ ಹಕ್ಕು ತನಗಿದೆಯೆಂದಾಗಲಿ, ಆಡಿದ ಮಾತು ಹೀಗೆ ಬಳಕೆಯಾಗಬಹುದೆಂದಾಗಲಿ ಸ್ಮಿತ್‌ಗೆ ಯಾರೂ ತಿಳಿಸಿರಲಿಲ್ಲ. ಆ ಮರಣದಂಡನೆ ನಿಲ್ಲಲಾರದು ಎಂಬ ಕೆಳ ನ್ಯಾಯಾಲಯಗಳ ತೀರ್ಪನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ವಿಭಾ ಪ್ರಕರಣದ ಹೆಸರನ್ನೂ ವರ್ಷವನ್ನೂ ಬರೆದುಕೊಂಡಳು, ಅದರ ಕೆಳಗೆ “90 ನಿಮಿಷ” ಎಂದು ಬರೆದು ಗೆರೆ ಎಳೆದಳು.

ಈ ವಿಷಯದಲ್ಲಿ ನಾನು ಇಷ್ಟು ಗಟ್ಟಿಯಾಗಿ ಮಾತನಾಡಲು ಬೇರೆ ಕಾರಣವೂ ಇದೆ. ವೃತ್ತಿಯ ಮೊದಲ ವರ್ಷಗಳಲ್ಲಿ, ವಿಚ್ಛೇದನದ ದಾವೆಯಲ್ಲಿದ್ದ ತಾಯಿಯೊಬ್ಬರಿಗೆ ನಾನು ಎಂಟು ತಿಂಗಳು ಆಪ್ತಸಲಹೆ ನೀಡುತ್ತಿದ್ದೆ. ಮಗು ತಾಯಿಯ ಬಳಿ ಇರುವುದೇ ಒಳ್ಳೆಯದೆಂದು ಒಂದು ಪತ್ರ ಬರೆದುಕೊಡಿ ಎಂದು ಅವರು ಕೇಳಿದಾಗ, ಒಳ್ಳೆಯದೇ ಆಗಲಿ ಎಂದು ಬರೆದುಕೊಟ್ಟೆ. ಪಾಟೀಸವಾಲಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ, ಮಗುವಿನ ತಂದೆಯನ್ನು ನೀವು ಒಮ್ಮೆಯಾದರೂ ಭೇಟಿ ಮಾಡಿದ್ದೀರಾ ಎಂಬುದು. ಇಲ್ಲ ಎಂದೆ, ಪತ್ರಕ್ಕೆ ಅಲ್ಲಿಗೇ ಬೆಲೆ ಹೋಯಿತು. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಪತ್ರ ಕೊಟ್ಟ ಕಾರಣದಿಂದಲೇ ನನ್ನ ಟಿಪ್ಪಣಿಗಳನ್ನೂ ತರಿಸಿಕೊಂಡರು, ಆ ತಾಯಿ ಅಳುತ್ತಾ ನನಗೊಬ್ಬಳಿಗೇ ಹೇಳಿದ್ದ ಮಾತುಗಳನ್ನು ತುಂಬಿದ ನ್ಯಾಯಾಲಯದಲ್ಲಿ ಓದಲಾಯಿತು. ಆ ತಾಯಿ ಮತ್ತೆ ನನ್ನ ಬಳಿಗೆ ಬರಲಿಲ್ಲ. ಚಿಕಿತ್ಸೆ ಕೊಡುವವರು ಬೇರೆ, ನ್ಯಾಯಾಲಯಕ್ಕಾಗಿ ಪರೀಕ್ಷಿಸುವವರು ಬೇರೆ ಎಂಬ ಗೆರೆ ನನಗೆ ಅವರ ನಷ್ಟದಿಂದ ಅರ್ಥವಾದದ್ದು.

ವಿಭಾಗೆ ನಾನು ಕೊಟ್ಟ ಸಲಹೆ ಹೀಗಿತ್ತು: ಈ ಎರಡು ಕೋರ್ಸುಗಳಲ್ಲಿ ಯಾವುದಕ್ಕೂ ಸದ್ಯಕ್ಕೆ ಸೇರಬೇಡಿ, ಮೊದಲು ಚಿಕಿತ್ಸಾ ಮನಶ್ಶಾಸ್ತ್ರದಲ್ಲಿ, ಅಂದರೆ ಕ್ಲಿನಿಕಲ್ ಸೈಕಾಲಜಿಯಲ್ಲಿ, ರೋಗಿಗಳ ನಡುವೆ, ಹಿರಿಯರ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆಯಿರಿ, ವಿಧಿವಿಜ್ಞಾನವನ್ನು ಅದರ ಮೇಲೆ ಕಟ್ಟಿಕೊಳ್ಳಿ. ತನಗೆ ಯಾರದೋ ಧ್ವನಿ ಕೇಳಿಸುತ್ತದೆ ಎಂದು ಆರೋಪಿ ಹೇಳಿದಾಗ ಅದು ನಿಜವೋ ನಟನೆಯೋ ಎಂದು ತೂಗಬೇಕಾದರೆ, ನಿಜವಾಗಿ ಧ್ವನಿ ಕೇಳಿಸಿಕೊಳ್ಳುವ ಹತ್ತಾರು ಜನರ ಜೊತೆ ಮೊದಲು ಕುಳಿತಿರಬೇಕು. ಅವರಿಗೆ ಆ ಧ್ವನಿ ಸಾಮಾನ್ಯವಾಗಿ ಬಿಟ್ಟು ಬಿಟ್ಟು ಬರುತ್ತದೆ, ಅದನ್ನು ಅಡಗಿಸಲು ಅವರು ತಮ್ಮದೇ ಉಪಾಯಗಳನ್ನು ಕಂಡುಕೊಂಡಿರುತ್ತಾರೆ. ನಟಿಸುವವರು ಎಷ್ಟೋ ಸಲ ದಿನವಿಡೀ ಎಡೆಬಿಡದೆ ಕೇಳಿಸುತ್ತದೆ ಎನ್ನುತ್ತಾರೆ. ಪುಸ್ತಕದಲ್ಲಿ ಇದು ಒಂದು ಸಾಲು. ಆರೋಪಿ ಉತ್ತರಿಸದೆ ಕುಳಿತಾಗ ಅದು ಖಿನ್ನತೆಯೋ, ಬೌದ್ಧಿಕ ನ್ಯೂನತೆಯೋ, ಭಯವೋ, ಬರಿಯ ಕಿವಿ ಕೇಳದಿರುವುದೋ ಎಂದು ಗುರುತಿಸುವುದೂ ವಾರ್ಡಿನಲ್ಲೇ ಕಲಿಯಬೇಕಾದದ್ದು.

ದೇಶದಿಂದ ದೇಶಕ್ಕೆ ದಾರಿ ಬೇರೆಯಾಗುತ್ತದೆ ಎಂಬುದನ್ನು ಮುಚ್ಚಿಡಲಿಲ್ಲ. ಅಮೆರಿಕದಲ್ಲಿ ಈ ವೃತ್ತಿಗೆ ಸಾಮಾನ್ಯವಾಗಿ ಡಾಕ್ಟರೇಟ್, ಒಂದು ವರ್ಷದ ಇಂಟರ್ನ್‌ಶಿಪ್, ಆಮೇಲೆ ಪರವಾನಗಿ ಬೇಕು. ಅಲ್ಲಿನ ಮನಶ್ಶಾಸ್ತ್ರ ಸಂಘವು ಇದನ್ನು ವಿಶೇಷ ಶಾಖೆಯಾಗಿ ಗುರುತಿಸಿದ್ದು 2001ರಲ್ಲಿ. ಬ್ರಿಟನ್ನಿನಲ್ಲಿ ಕ್ಲಿನಿಕಲ್ ಶಾಖೆಯನ್ನು ಹಾಯದೆಯೂ ಮಾನ್ಯತೆ ಪಡೆದ ಪದವಿ ಮತ್ತು ಸ್ನಾತಕೋತ್ತರ ಪದವಿಯ ಮೂಲಕ ಬರಬಹುದು, ಆದರೆ ಅದರ ನಂತರ ಕನಿಷ್ಠ ಎರಡು ವರ್ಷ ಮೇಲ್ವಿಚಾರಣೆಯಲ್ಲಿ ದುಡಿಯಲೇಬೇಕು; 2009ರಿಂದ ನೋಂದಣಿ ಇಲ್ಲದವರು ಅಲ್ಲಿ ಫೊರೆನ್ಸಿಕ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಎರಡೂ ಕಡೆ ಸಮಾನವಾಗಿರುವುದು ಮೇಲ್ವಿಚಾರಣೆ. ಆದ್ದರಿಂದ ಕೋರ್ಸಿನ ಹೆಸರಿನಲ್ಲಿ ಫೊರೆನ್ಸಿಕ್ ಎಂಬ ಪದ ಇದೆಯೇ ಎಂದು ನೋಡುವ ಮೊದಲು, ಅದು ಯಾವ ನೋಂದಣಿಗೆ ಅರ್ಹತೆ ಕೊಡುತ್ತದೆ, ನನ್ನ ಕೈಯಿಂದ ಎಷ್ಟು ವರದಿ ಬರೆಸುತ್ತಾರೆ, ಅವನ್ನು ತಿದ್ದುವವರು ಯಾರು, ಅವರು ಸ್ವತಃ ಸಾಕ್ಷಿ ಕಟ್ಟೆ ಹತ್ತಿದವರೇ ಎಂದು ಕೇಳಬೇಕು. ಆಕೆ ತಂದಿದ್ದ ಡಿಪ್ಲೊಮಾದ ಮಾಹಿತಿಪತ್ರದಲ್ಲಿ ಇವುಗಳಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ. ಸಾಕ್ಷಿಗಳ ನೆನಪಿನ ಮೇಲೆ ಸಂಶೋಧನೆ ಮಾಡುವ ಬಯಕೆ ಆಕೆಗೆ ಇದ್ದಿದ್ದರೆ ನನ್ನ ಸಲಹೆ ಬೇರೆಯಾಗಿರುತ್ತಿತ್ತು, ಆಗ ವಾರ್ಡಿಗಿಂತ ಸಂಖ್ಯಾಶಾಸ್ತ್ರ ಮುಖ್ಯ. ಆದರೆ ಆಕೆ ಬಯಸಿದ್ದು ಮನುಷ್ಯರ ಎದುರು ಕುಳಿತುಕೊಳ್ಳುವುದನ್ನು.

ಆಕೆಯ ತಂದೆ ದೂರವಾಣಿಯಲ್ಲಿ, ಮಗಳ ಉತ್ಸಾಹಕ್ಕೆ ತಣ್ಣೀರೆರಚಿದಿರಿ, ಒಂದು ವರ್ಷದಲ್ಲಿ ಮುಗಿಯುತ್ತಿದ್ದುದನ್ನು ನಾಲ್ಕೈದು ವರ್ಷಕ್ಕೆ ಎಳೆದಿರಿ ಎಂದು ನೊಂದು ಹೇಳಿದರು. ಅವರ ಆತಂಕ ನ್ಯಾಯವಾದದ್ದೇ. ಆದರೆ ಒಂದು ವರ್ಷದಲ್ಲಿ ಮುಗಿಯುತ್ತಿದ್ದುದು ಕೋರ್ಸು ಮಾತ್ರ. ಅದರ ಕೊನೆಯಲ್ಲಿ ಪ್ರಮಾಣಪತ್ರ ಇರುತ್ತಿತ್ತು, ನೋಂದಣಿ ಇರುತ್ತಿರಲಿಲ್ಲ. ಸಹೋದ್ಯೋಗಿಯ ಆಕ್ಷೇಪ ಇನ್ನೂ ಗಂಭೀರವಾದದ್ದು: ದಾರಿಯನ್ನು ಸಲಹಾರ್ಥಿಯೇ ಕಂಡುಕೊಳ್ಳಬೇಕು, ಇದನ್ನು ಮಾಡಿ ಅದನ್ನು ಬಿಡಿ ಎನ್ನುವುದು ಆಪ್ತಸಲಹೆಯಲ್ಲ ಎಂದರು. ಮದುವೆ, ಮನೆ, ದುಃಖ ಇಂಥ ವಿಷಯಗಳಲ್ಲಿ ನಾನೂ ಹಾಗೆಯೇ ನಡೆದುಕೊಳ್ಳುತ್ತೇನೆ. ವೃತ್ತಿಯ ಅರ್ಹತೆಯ ಪ್ರಶ್ನೆ ಹಾಗಲ್ಲ, ಗೊತ್ತಿರುವುದನ್ನು ಹೇಳದೆ ಸುಮ್ಮನಿರುವುದು ಅಲ್ಲಿ ತಟಸ್ಥತೆ ಆಗಲಾರದು. ಅಲ್ಲದೆ ಆ ಕೋಣೆಯಲ್ಲಿ ನಾವಿಬ್ಬರೇ ಇರಲಿಲ್ಲ. ಮುಂದೊಂದು ದಿನ ಆಕೆಯ ಎದುರು ಕುಳಿತು, ಆಕೆಯ ಮುಖದಲ್ಲಿನ ಕರುಣೆಯನ್ನು ನಂಬಿ ಬಾಯಿ ಬಿಡುವ ವ್ಯಕ್ತಿಯ ಹಿತವೂ ನನ್ನ ಲೆಕ್ಕದಲ್ಲಿ ಇರಬೇಕಾಗಿತ್ತು.

ವಿಭಾ ಈಗ ಕ್ಲಿನಿಕಲ್ ತರಬೇತಿಯ ಮೊದಲ ವರ್ಷದಲ್ಲಿದ್ದಾಳೆ. ವಿಧಿವಿಜ್ಞಾನಕ್ಕೆ ಹೋಗುವೆನೋ ಇಲ್ಲವೋ ಇನ್ನೂ ಗೊತ್ತಿಲ್ಲ ಎನ್ನುತ್ತಾಳೆ; ಆತುರವಿಲ್ಲ ಎಂದೆ. ಕಳೆದ ಭೇಟಿಯಲ್ಲಿ, ಬೆಂಕಿ ಇಟ್ಟವನ ಆ ಅಭ್ಯಾಸವನ್ನು ಸಹಪಾಠಿಗಳೊಂದಿಗೆ ಮಾಡಬಹುದೇ ಎಂದು ಕೇಳಿದಳು. ಧಾರಾಳವಾಗಿ ಮಾಡಿ, ಆದರೆ ಮೊದಲು ‘ಬೆಂಕಿ ಇಟ್ಟವನು’ ಎನ್ನುವುದನ್ನು ಬಿಟ್ಟು ‘ಆರೋಪ ಹೊತ್ತವನು’ ಎನ್ನಿ ಎಂದೆ. ಆಕೆ ನಾಲಿಗೆ ಕಚ್ಚಿಕೊಂಡಳು. ನಾವು ಅಂದು ಮಾಡದೆ ಬಿಟ್ಟ ಒಂದು ಭಾಗವನ್ನೂ ಸೇರಿಸಲು ಹೇಳಿದೆ: ಮೊದಲ ಮಾತನ್ನು ಕೇಳಿದ ಮೇಲೆ ಆರೋಪಿಯ ಪಾತ್ರದವರು, ನಾನು ಏನನ್ನೂ ಹೇಳುವುದಿಲ್ಲ ಎಂದು ಎದ್ದುಬಿಡಲಿ. “ಆಗ ವರದಿಯಲ್ಲಿ ಏನು ಬರೆಯಬೇಕು?” ಎಂದು ತನ್ನಷ್ಟಕ್ಕೇ ಕೇಳಿಕೊಂಡು, ಪುಸ್ತಕ ತೆಗೆದು, ತಿಳಿವಳಿಕೆ ನೀಡಿದ ನಂತರ ಸದರಿ ವ್ಯಕ್ತಿಯು ಪರೀಕ್ಷೆಗೆ ಒಪ್ಪಲಿಲ್ಲ ಎಂದು ಬರೆದಳು. ಅದರ ಮುಂದೆ ‘ಬಹುಶಃ’ ಎಂದು ಆರಂಭಿಸಿ, ಅದನ್ನು ಹೊಡೆದುಹಾಕಿ, ದಿನಾಂಕ ಹಾಕಿದಳು.