ಅಡುಗೆಮನೆ ಪ್ರಶ್ನೋತ್ತರ: ಬೇಯದ ಕಾಳು, ತಪ್ಪಿದ ಅಳತೆ

ಈ ಸಲದ ಪ್ರಶ್ನೆಗಳೆಲ್ಲ ಎರಡು ವಿಷಯದ ಸುತ್ತ ಇವೆ: ಅಡುಗೆಯ ಖರ್ಚು ಇಳಿಸುವುದು ಹೇಗೆ, ಕಲಿತ ಅಡುಗೆಯನ್ನು ಇನ್ನೊಬ್ಬರಿಗೆ ಸರಿಯಾಗಿ ಬರೆದುಕೊಡುವುದು ಹೇಗೆ. ಎರಡಕ್ಕೂ ಬೇಕಾದ ಸಾಮಾನು ಒಂದೇ, ಗ್ರಾಂ ಲೆಕ್ಕ ತೋರಿಸುವ ಸಣ್ಣ ತಕ್ಕಡಿ.

ಪ್ರಶ್ನೆ: ಅಗ್ಗವೆಂದು ಒಣ ಕಾಳು ತರುತ್ತೇವೆ. ರಾತ್ರಿಯಿಡೀ ನೆನೆಸಿದರೂ ಎರಡು ಗಂಟೆ ಬೇಯಿಸಬೇಕು, ಆಗಲೂ ಕೆಲವು ಗಟ್ಟಿಯಾಗಿಯೇ ಉಳಿಯುತ್ತವೆ. ಉಳಿಸಿದ ದುಡ್ಡು ಗ್ಯಾಸಿಗೆ ಹೋಗುತ್ತಿದೆ.

ಕಾಳು ಬೇಯದಿದ್ದರೆ ಅನುಮಾನಿಸಬೇಕಾದ್ದು ಮೂರನ್ನು: ಕಾಳಿನ ವಯಸ್ಸು, ನೀರಿನ ಗಡಸುತನ (ಅಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ), ಹುಳಿ. ಟೊಮೆಟೊ, ನಿಂಬೆರಸ ಮುಂತಾದ ಹುಳಿಯನ್ನು ಮೊದಲೇ ಹಾಕಿದರೆ ಕಾಳಿನ ಸಿಪ್ಪೆ ಮೆತ್ತಗಾಗುವುದಿಲ್ಲ. ಕಾಳು ಬೆರಳಲ್ಲಿ ಹಿಸುಕಿದರೆ ಒಡೆಯುವಷ್ಟು ಬೆಂದ ಮೇಲೆಯೇ ಹುಳಿ ಹಾಕಿ. ನೀರು ಗಡಸೋ ಕಾಳು ಹಳೆಯದೋ ತಿಳಿಯಬೇಕಾದರೆ ಒಂದು ಹಿಡಿ ಕಾಳನ್ನು ಲವಣ ತೆಗೆದ ಕುಡಿಯುವ ನೀರಿನಲ್ಲಿ ನೆನೆಸಿ, ಅದೇ ಬಗೆಯ ನೀರಿನಲ್ಲಿ ಬೇಯಿಸಿ. ಬೇಗ ಬೆಂದರೆ ತಪ್ಪು ನೀರಿನದು. ಅದರಲ್ಲೂ ಬೇಯದಿದ್ದರೆ ಕಾಳು ವರ್ಷಗಟ್ಟಲೆ ಗೋದಾಮಿನಲ್ಲಿ ಕೂತಿದ್ದಿರಬೇಕು. ಬಿಸಿ, ತೇವ ಎರಡೂ ಇರುವ ಜಾಗದಲ್ಲಿ ಇಟ್ಟ ಕಾಳು ಇನ್ನೂ ಬೇಗ ಗಟ್ಟಿಕಾಳಾಗುತ್ತದೆ. ಅಂಗಡಿ ಬದಲಿಸುವುದೇ ಅದಕ್ಕೆ ಮದ್ದು.

ನೀರಿನ ತೊಂದರೆಗೆ ಉಪ್ಪಿನಿಂದಲೇ ಪರಿಹಾರ ಉಂಟು. ನೆನೆಸುವ 1 ಲೀಟರ್ ನೀರಿಗೆ 15 ಗ್ರಾಂ, ಅಂದರೆ ಸುಮಾರು ಎರಡೂವರೆ ಟೀ ಚಮಚ ಪುಡಿ ಉಪ್ಪು ಕರಗಿಸಿ, 8ರಿಂದ 12 ಗಂಟೆ ನೆನೆಸಿ. ಆ ನೀರು ಚೆಲ್ಲಿ, ಕಾಳು ತೊಳೆದು, ಹೊಸ ನೀರಿನಲ್ಲಿ ಬೇಯಿಸಿ. ಸಿಪ್ಪೆಯಲ್ಲಿರುವ ಪೆಕ್ಟಿನ್ ಎಂಬ ಅಂಟನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಗಿಯಾಗಿ ಹಿಡಿದಿರುತ್ತವೆ. ಉಪ್ಪಿನ ಸೋಡಿಯಂ ಅವುಗಳ ಜಾಗಕ್ಕೆ ಬಂದು ಕೂತಾಗ ಸಿಪ್ಪೆ ಸಡಿಲವಾಗುತ್ತದೆ. ‘ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ’ ಎಂಬ ಮಾತು ನೆನೆಸುವಾಗಿನ ಮಟ್ಟಿಗಂತೂ ನಿಜವಲ್ಲ. ಅಡುಗೆ ಸೋಡಾ ಕೂಡ ಕೆಲಸ ಮಾಡುತ್ತದೆ, ಆದರೆ ಲೀಟರಿಗೆ ಕಾಲು ಟೀ ಚಮಚ ದಾಟಬಾರದು. ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ, ಕಾಳು ಮುದ್ದೆಯಾಗುತ್ತದೆ, ಬಿ1 ಜೀವಸತ್ವ ಹಾಳಾಗುತ್ತದೆ.

ಇನ್ನು ಗ್ಯಾಸ್. ಕುದಿ ಬಂದ ನೀರಿನ ಶಾಖ ದೊಡ್ಡ ಉರಿಯಲ್ಲೂ 100 ಡಿಗ್ರಿ ಸೆಲ್ಸಿಯಸ್, ಸಣ್ಣ ಉರಿಯಲ್ಲೂ ಅಷ್ಟೇ. ದೊಡ್ಡ ಉರಿಯಲ್ಲಿ ಕಾಳು ಬೇಗ ಬೇಯುವುದಿಲ್ಲ, ನೀರು ಬೇಗ ಆರುತ್ತದೆ. ಕುದಿ ಬಂದ ಕೂಡಲೇ ಉರಿ ಇಳಿಸಿ, ಮುಚ್ಚಳ ಮುಚ್ಚಿ. ಪ್ರೆಶರ್ ಕುಕ್ಕರಿನೊಳಗೆ ಶಾಖ ಸುಮಾರು 120 ಡಿಗ್ರಿಗೆ ಏರುವುದರಿಂದ ಕೆಲಸ ಬೇಗ ಮುಗಿಯುತ್ತದೆ. ಅಲ್ಲಿಯೂ ಒತ್ತಡ ಬಂದ ಮೇಲೆ ಉರಿ ಸಣ್ಣದಿರಲಿ, ಕೊನೆಗೆ ಒತ್ತಡ ತಾನಾಗಿ ಇಳಿಯಲಿ. ಆ ಹತ್ತು ಹದಿನೈದು ನಿಮಿಷವೂ ಕಾಳು ಬೇಯುತ್ತಲೇ ಇರುತ್ತದೆ, ಅದು ಪುಕ್ಕಟೆ ಶಾಖ. ಒಂದೇ ಸಲ ಅರ್ಧ ಕಿಲೋ ಬೇಯಿಸಿದರೆ ಒಂದು ಕಿಲೋಗಿಂತ ಹೆಚ್ಚು ಬೆಂದ ಕಾಳು ಸಿಗುತ್ತದೆ. ಬೆಂದ ನೀರಿನ ಜೊತೆಗೇ 250 ಗ್ರಾಂ ಡಬ್ಬಿಗಳಲ್ಲಿ ಹಾಕಿ ಫ್ರೀಜರಿನಲ್ಲಿಡಿ. ನೀರಿಲ್ಲದೆ ಇಟ್ಟರೆ ಕಾಳು ಒಣಗಿ ಸಿಪ್ಪೆ ಸುಲಿಯುತ್ತದೆ.

ರಾಜ್ಮಾ ಮಾತ್ರ ಬೇರೆ. ಹಸಿ ರಾಜ್ಮಾದಲ್ಲಿ ವಾಂತಿ, ಭೇದಿ ತರುವ ಲೆಕ್ಟಿನ್ ಎಂಬ ವಿಷಾಂಶ ಇದೆ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಬೇಕು. ಕುದಿಯೇ ಬರದ ನಿಧಾನ ಶಾಖದ ವಿದ್ಯುತ್ ಪಾತ್ರೆಯಲ್ಲಿ ನೇರವಾಗಿ ಬೇಯಿಸಿದರೆ ವಿಷಾಂಶ ಹೋಗುವುದಿಲ್ಲ. ಕಾಳು ಮೆತ್ತಗಾಯಿತು ಎಂದು ನಂಬಿ ತಿನ್ನುವಂತಿಲ್ಲ.

ಪ್ರಶ್ನೆ: ನಾಲ್ಕು ಜನರ ತರಕಾರಿ ಗ್ರೇವಿಯ ಅಳತೆಯನ್ನು ಹನ್ನೆರಡು ಜನರಿಗೆಂದು ಮೂರು ಪಟ್ಟು ಮಾಡಿದೆ. ಮೊದಲು ನೀರಾಯಿತು, ಕೊನೆಗೆ ಉಪ್ಪಾಯಿತು. ಲೆಕ್ಕ ಸರಿಯಾಗಿಯೇ ಇತ್ತಲ್ಲ?

ಲೆಕ್ಕ ಸರಿ, ಆದರೆ ನೀರು ಆ ಲೆಕ್ಕ ಕೇಳುವುದಿಲ್ಲ. ಆವಿಯಾಗುವ ನೀರಿನ ಪ್ರಮಾಣ ನಿಲ್ಲುವುದು ಪಾತ್ರೆಯ ಬಾಯಿ ಎಷ್ಟು ಅಗಲ, ಉರಿ ಎಷ್ಟು, ಎಷ್ಟು ಹೊತ್ತು ಎಂಬುದರ ಮೇಲೆ. ಒಳಗೆ ಎಷ್ಟಿದೆ ಎಂಬುದರ ಮೇಲಲ್ಲ. 1 ಲೀಟರ್ ನೀರು ಹಾಕಿ ಅರ್ಧ ಗಂಟೆ ಕುದಿಸಿದಾಗ 300 ಮಿಲಿ ಆರುತ್ತದೆ ಎಂದುಕೊಳ್ಳಿ, ಉಳಿಯುವುದು 700. ಮೂರು ಪಟ್ಟಿಗೆ ಉಳಿಯಬೇಕಾದ್ದು 2100 ಮಿಲಿ. ಪಾತ್ರೆ ಸ್ವಲ್ಪ ದೊಡ್ಡದಿದ್ದು 400 ಮಿಲಿ ಆರಿದರೂ ಹಾಕಬೇಕಾದ್ದು ಎರಡೂವರೆ ಲೀಟರ್. ನೀವು 3 ಲೀಟರ್ ಹಾಕಿದ್ದರಿಂದ ಅರ್ಧ ಲೀಟರ್ ಹೆಚ್ಚಾಯಿತು. ನೀರಾದ ಗ್ರೇವಿಯ ರುಚಿ ನೋಡಿ ಸಪ್ಪೆ ಎಂದು ಉಪ್ಪು ಹಾಕಿರುತ್ತೀರಿ, ಆಮೇಲೆ ಬತ್ತಿಸಿರುತ್ತೀರಿ. ನೀರು ಹೋಯಿತು, ಉಪ್ಪು ಅಲ್ಲೇ ಉಳಿಯಿತು.

ಉಪ್ಪನ್ನು ಯಾವಾಗಲೂ ಕೊನೆಯ ತೂಕಕ್ಕೆ ಲೆಕ್ಕ ಹಾಕಿ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಂಡರೆ ಇದು ಸುಲಭ. ತಯಾರಾದ ಅಡುಗೆಯ ತೂಕದ ಶೇ 1ರಷ್ಟು, ಅಂದರೆ ಕಿಲೋಗೆ 10 ಗ್ರಾಂ ಉಪ್ಪು, ಹೆಚ್ಚಿನವರ ನಾಲಿಗೆಗೆ ಸರಿಹೋಗುತ್ತದೆ. ಮುಕ್ಕಾಲು ಭಾಗ ಮೊದಲು, ಉಳಿದದ್ದು ಇಳಿಸುವ ಮುನ್ನ.

ಎಣ್ಣೆಯನ್ನೂ ಮೂರು ಪಟ್ಟು ಮಾಡಬೇಕಿಲ್ಲ. ಹುರಿಯುವ ಎಣ್ಣೆ ಪಾತ್ರೆಯ ತಳ ಆವರಿಸಿದರೆ ಸಾಕು, ಎರಡು ಪಟ್ಟಿನೊಳಗೇ ಮುಗಿಯುತ್ತದೆ. ಖಾರವನ್ನು ಎರಡು ಪಟ್ಟು ಹಾಕಿ ರುಚಿ ನೋಡಿ, ಬೇಕಿದ್ದರೆ ಮುಂದುವರಿಯಿರಿ. ಈರುಳ್ಳಿಯನ್ನು ಮಾತ್ರ ಒಮ್ಮೆಲೇ ಸುರಿಯಬೇಡಿ: ರಾಶಿ ದಪ್ಪವಾದರೆ ಬಿಟ್ಟ ನೀರು ಆರಲು ಜಾಗ ಸಾಲದೆ ಈರುಳ್ಳಿ ಕೆಂಪಾಗುವ ಬದಲು ಬೇಯುತ್ತದೆ. ಎರಡು ಮೂರು ಕಂತಿನಲ್ಲಿ ಹುರಿಯಿರಿ.

ಕೇಕಿನ ತಟ್ಟೆ ಬದಲಿಸುವವರು ಇದನ್ನೂ ನೆನಪಿಡಿ: 20 ಸೆಂ.ಮೀ. ದುಂಡು ತಟ್ಟೆಯ ಅಳತೆಯನ್ನು 25 ಸೆಂ.ಮೀ. ತಟ್ಟೆಗೆ ಏರಿಸಲು ಒಂದೂಕಾಲು ಪಟ್ಟು ಸಾಲದು, ಹಿಟ್ಟು 1.56 ಪಟ್ಟು ಬೇಕು. ವ್ಯಾಸ ಬೆಳೆದದ್ದಕ್ಕಿಂತ ವಿಸ್ತೀರ್ಣ ಹೆಚ್ಚು ಬೆಳೆಯುತ್ತದೆ.

ಪ್ರಶ್ನೆ: ಉಪ್ಪು ಹೆಚ್ಚಾದಾಗ ಆಲೂಗಡ್ಡೆ ಹಾಕಿದರೆ ಎಳೆದುಕೊಳ್ಳುತ್ತದೆಯೆ?

ಇಲ್ಲ. ಆಲೂಗಡ್ಡೆ ಹೀರುವುದು ಉಪ್ಪುನೀರನ್ನು, ಬರೀ ಉಪ್ಪನ್ನಲ್ಲ. ಉಳಿದ ರಸ ಅಷ್ಟೇ ಉಪ್ಪಾಗಿರುತ್ತದೆ. ಆಲೂಗಡ್ಡೆಯನ್ನು ಅದರಲ್ಲೇ ಬಿಟ್ಟು ತಿಂದರೆ ಅಡುಗೆಯ ಒಟ್ಟು ಪ್ರಮಾಣ ಹೆಚ್ಚಿದ್ದರಿಂದ ಸ್ವಲ್ಪ ಲಾಭ, ಅಷ್ಟೇ. ಒಂದು ಕಿಲೋ ಅಡುಗೆಯಲ್ಲಿ 15 ಗ್ರಾಂ ಉಪ್ಪು ಬಿದ್ದಿದ್ದರೆ ಅದು ಸರಿಯಾಗಲು ಉಪ್ಪಿಲ್ಲದ ಅರ್ಧ ಕಿಲೋ ಬೇಕು: ಬೆಂದ ಕಾಳು, ತರಕಾರಿ, ಅನ್ನ, ನೀರು ಯಾವುದಾದರೂ ಸರಿ. ಹುಳಿ ಹಿಂಡಿದರೆ ಉಪ್ಪು ತುಸು ಮರೆಯಾದಂತೆ ಅನಿಸುತ್ತದೆ, ಕಡಿಮೆಯಾಗುವುದಿಲ್ಲ.

ಪ್ರಶ್ನೆ: ಉಳಿದ ಅನ್ನ ಎಸೆಯಲು ಮನಸ್ಸು ಬಾರದು. ರಾತ್ರಿ ಹೊರಗಿಟ್ಟು ಬೆಳಿಗ್ಗೆ ಚೆನ್ನಾಗಿ ಹುರಿದರೆ ಸಾಕಲ್ಲವೆ?

ಸಾಲದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು, ಬೆಳೆದು, ವಿಷ ಬಿಡುತ್ತವೆ. ಆ ವಿಷ ಮತ್ತೆ ಹುರಿದರೂ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಆದ್ದರಿಂದ ಕೆಲಸವೆಲ್ಲ ತಣಿಸುವ ಹೊತ್ತಿನಲ್ಲೇ ಆಗಬೇಕು. ಊಟ ಮುಗಿಯುತ್ತಿದ್ದಂತೆ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ, ಒಂದು ಗಂಟೆಯೊಳಗೆ ತಣಿಸಿ, ಮುಚ್ಚಿ, 5 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿನ ಫ್ರಿಜ್ಜಿಗೆ ಸೇರಿಸಿ. ಮರುದಿನದೊಳಗೆ, ಎಲ್ಲ ಕಡೆ ಹಬೆಯಾಡುವಷ್ಟು ಬಿಸಿ ಮಾಡಿ, ಒಂದೇ ಸಲ ಬಳಸಿ. ಆಳದ ಪಾತ್ರೆಯಲ್ಲಿ ಹಾಗೆಯೇ ಫ್ರಿಜ್ಜಿಗಿಟ್ಟರೆ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ.

ಪ್ರಶ್ನೆ: ತರಕಾರಿ ಸಿಪ್ಪೆ, ದಂಟು ಹಾಕಿ ಕುದಿಸಿದ ಕಟ್ಟು ಕಹಿಯಾಗುತ್ತದೆ. ಏಕೆ?

ಎಲೆಕೋಸು, ಹೂಕೋಸು ಸೇರಿರಬೇಕು, ಇಲ್ಲವೆ ಈರುಳ್ಳಿಯ ಒಣಸಿಪ್ಪೆ ಹೆಚ್ಚಾಗಿರಬೇಕು, ಇಲ್ಲವೆ ಬಹಳ ಹೊತ್ತು ಕುದಿಸಿರಬೇಕು. ಕ್ಯಾರೆಟ್ಟಿನ ತುದಿ, ಈರುಳ್ಳಿಯ ಬುಡ, ಅಣಬೆಯ ಕಾಲು, ಸೊಪ್ಪಿನ ದಂಟು, ಟೊಮೆಟೊ ತಿರುಳು ಒಳ್ಳೆಯವು. ತೊಳೆದು ಫ್ರೀಜರಿನಲ್ಲಿ ಕೂಡಿಡುತ್ತ ಹೋಗಿ. 500 ಗ್ರಾಂ ಆದಾಗ ಒಂದೂವರೆ ಲೀಟರ್ ನೀರಿನಲ್ಲಿ ಸಣ್ಣ ಉರಿಯಲ್ಲಿ 45 ನಿಮಿಷ ಕುದಿಸಿ ಸೋಸಿ. ಉಪ್ಪು ಬೇಡ, ಆಮೇಲೆ ಬತ್ತಿಸಬೇಕಾಗಬಹುದು. ಹಸಿರು ತಿರುಗಿದ ಆಲೂಗಡ್ಡೆಯ ಸಿಪ್ಪೆ, ಮೊಳಕೆ ಎಂದೂ ಸೇರಿಸಬಾರದು; ಅದರ ಸೊಲನೈನ್ ವಿಷ ಕುದಿಸಿದರೂ ಹೋಗುವುದಿಲ್ಲ. ಕೊಳೆತದ್ದನ್ನು ಉಳಿಸಲು ಕಟ್ಟು ದಾರಿಯಲ್ಲ.

ಪ್ರಶ್ನೆ: ದೊಡ್ಡ ಪೊಟ್ಟಣ ಕೊಂಡರೆ ನಿಜಕ್ಕೂ ಉಳಿತಾಯವೆ?

ತಿಂದು ಮುಗಿಸಿದರೆ. ದೊಡ್ಡದರ ಬೆಲೆ ಕಿಲೋ ಲೆಕ್ಕದಲ್ಲಿ ಶೇ 20 ಅಗ್ಗವಾಗಿದ್ದು, ಐದರಲ್ಲಿ ಒಂದು ಭಾಗ ಕೆಟ್ಟರೆ ಲಾಭ ಸೊನ್ನೆ. ಅದಕ್ಕಿಂತ ಹೆಚ್ಚು ಕೆಟ್ಟರೆ ನಷ್ಟ. ಅಕ್ಕಿ, ಸಕ್ಕರೆ, ಉಪ್ಪು ದೊಡ್ಡದು ಕೊಳ್ಳಬಹುದು. ತವುಡು ಸಮೇತ ಬೀಸಿದ ಹಿಟ್ಟು, ಮಸಾಲೆ ಪುಡಿ, ಒಡೆದ ಬೀಜಗಳು ಸಣ್ಣದೇ ಇರಲಿ, ಅವುಗಳಲ್ಲಿರುವ ಎಣ್ಣೆ ಗಾಳಿ ತಾಗಿ ಕಮಟು ಹಿಡಿಯುತ್ತದೆ. ತರಕಾರಿಯ ಬೆಲೆಯನ್ನು, ಅದನ್ನು ಹೆಚ್ಚಿದ ಮೇಲೆ ಉಳಿಯುವ ತೂಕದಿಂದ ಭಾಗಿಸಿ ನೋಡಿ. ಅಗ್ಗದ್ದು ಯಾವುದೆಂಬ ಅಂದಾಜು ಕೆಲವೊಮ್ಮೆ ತಲೆಕೆಳಗಾಗುತ್ತದೆ.

ಪ್ರಶ್ನೆ: ನಾನು ಬರೆದುಕೊಟ್ಟ ಅಡುಗೆ ಬೇರೆಯವರ ಕೈಯಲ್ಲಿ ಸರಿಯಾಗುವುದಿಲ್ಲ. ‘ಏನೋ ಬಚ್ಚಿಟ್ಟಿದ್ದೀರಿ’ ಎನ್ನುತ್ತಾರೆ.

ಬಚ್ಚಿಟ್ಟಿರುವುದಿಲ್ಲ, ಬರೆಯಲು ಮರೆತಿರುತ್ತೀರಿ. ಮೊದಲ ಸಂಶಯ ‘ಕಪ್’ ಮೇಲೆ. ಒಂದು ಕಡೆಯ ಕಪ್ 240 ಮಿಲಿ, ಇನ್ನೊಂದು ಕಡೆಯದು 250. ಟೇಬಲ್ ಚಮಚ ಸಾಮಾನ್ಯವಾಗಿ 15 ಮಿಲಿ, ಆಸ್ಟ್ರೇಲಿಯಾದಲ್ಲಿ 20. ಕಪ್ ಒಂದೇ ಇದ್ದರೂ ಮೈದಾವನ್ನು ಹಗುರವಾಗಿ ತುಂಬಿದರೆ 120 ಗ್ರಾಂ, ಡಬ್ಬಿಯಲ್ಲಿ ಅದ್ದಿ ಒತ್ತಿ ತೆಗೆದರೆ 150 ಗ್ರಾಂ. ಕಾಲು ಭಾಗ ಹಿಟ್ಟು ಹೆಚ್ಚಾದ ಕೇಕು ಇಟ್ಟಿಗೆಯಾಗದೆ ಇನ್ನೇನಾದೀತು? ಒಂದು ಟೀ ಚಮಚ ಪುಡಿ ಉಪ್ಪು 6 ಗ್ರಾಂ ಹತ್ತಿರ ತೂಗುತ್ತದೆ. ಹರಳು ದಪ್ಪವಾದಷ್ಟೂ ನಡುವೆ ಗಾಳಿ ಸೇರಿ ಕಡಿಮೆ ತೂಗುತ್ತದೆ. ಆದ್ದರಿಂದ ಗ್ರಾಂನಲ್ಲಿ ಬರೆಯಿರಿ, ತಕ್ಕಡಿ ಇಲ್ಲದವರಿಗೆಂದು ಪಕ್ಕದಲ್ಲಿ ಚಮಚದ ಲೆಕ್ಕವೂ ಇರಲಿ.

‘ಎರಡು ಈರುಳ್ಳಿ ಹುರಿದು, ಟೊಮೆಟೊ, ಬೇಕಾದಷ್ಟು ನೀರು ಹಾಕಿ ಬೇಯಿಸಿ’ ಎಂಬ ಸಾಲನ್ನು ತೆಗೆದುಕೊಳ್ಳಿ. ಇದನ್ನು ಹೀಗೆ ಬರೆದರೆ ಯಾರಾದರೂ ಮಾಡಬಲ್ಲರು: ‘24 ಸೆಂ.ಮೀ. ಅಗಲದ ದಪ್ಪತಳದ ಪಾತ್ರೆಯಲ್ಲಿ 30 ಮಿಲಿ ಎಣ್ಣೆ ಕಾಯಿಸಿ. ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿದ 200 ಗ್ರಾಂ ಈರುಳ್ಳಿಯನ್ನು ನಡು ಉರಿಯಲ್ಲಿ, ಅಂಚು ಕೆಂಪಾಗುವವರೆಗೆ ಹುರಿಯಿರಿ, 10ರಿಂದ 12 ನಿಮಿಷ. 300 ಗ್ರಾಂ ಟೊಮೆಟೊ ಸೇರಿಸಿ, ಎಣ್ಣೆ ಬಿಡುವವರೆಗೆ ಬಾಡಿಸಿ. 400 ಮಿಲಿ ಬಿಸಿನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 15 ನಿಮಿಷ.’ ನಿಮಿಷಕ್ಕಿಂತ ಮುಖ್ಯವಾದದ್ದು ಗುರುತು: ಅಂಚು ಕೆಂಪಾಗುವುದು, ಎಣ್ಣೆ ಬಿಡುವುದು. ಒಲೆ, ಪಾತ್ರೆ ಬದಲಾದಂತೆ ನಿಮಿಷ ಬದಲಾಗುತ್ತದೆ, ಗುರುತು ಬದಲಾಗುವುದಿಲ್ಲ. ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ 1500 ಮೀಟರ್ ಮೇಲೆ ನೀರು ಸುಮಾರು 95 ಡಿಗ್ರಿಗೇ ಕುದಿಯುವುದರಿಂದ, ತೆರೆದ ಪಾತ್ರೆಯಲ್ಲಿ ಕಾಳು ಬೇಯಲು ಹೆಚ್ಚು ಹೊತ್ತು ಬೇಕು.

ಕೊನೆಯಲ್ಲಿ ತಯಾರಾದ ಅಡುಗೆಯ ಒಟ್ಟು ತೂಕ ಬರೆಯಿರಿ. ‘ನಾಲ್ಕು ಜನರಿಗೆ’ ಎಂಬುದು ಹಸಿವಿನ ಮೇಲೆ ಹೋಗುತ್ತದೆ, ‘1.2 ಕಿಲೋ’ ಎಂದರೆ ಯಾರ ಮನೆಯಲ್ಲೂ ಅಷ್ಟೇ. ಯಾವ ಪದಾರ್ಥ ಬಿಡಬಹುದು, ಯಾವುದರ ಬದಲು ಯಾವುದು ಎಂದು ಒಂದು ಸಾಲು ಸೇರಿಸಿ. ಕಡಲೆಕಾಯಿ, ಹಾಲು, ಮೊಟ್ಟೆ, ಗೋಧಿ, ಸೋಯಾ, ಎಳ್ಳು ಇದ್ದರೆ ಎದ್ದು ಕಾಣುವಂತೆ ಬರೆಯಿರಿ, ಅಲರ್ಜಿ ಇರುವವರಿಗೆ ಅದು ಬೇಕೇ ಬೇಕು. ಬರೆದದ್ದನ್ನು ಆ ಅಡುಗೆ ಎಂದೂ ಮಾಡದವರ ಕೈಗೆ ಕೊಡಿ. ಅವರು ಎಲ್ಲೆಲ್ಲಿ ನಿಮ್ಮನ್ನು ಕೇಳುತ್ತಾರೋ ಅಲ್ಲಲ್ಲಿ ಬರವಣಿಗೆಯಲ್ಲಿ ಕಿಂಡಿ ಇದೆ.

ಪ್ರಶ್ನೆ: ಪುಸ್ತಕದಿಂದ ಕಲಿತದ್ದನ್ನು ಬೇರೆಯವರಿಗೆ ಬರೆದುಕೊಟ್ಟರೆ ತಪ್ಪೆ?

ಪದಾರ್ಥಗಳ ಬರೀ ಪಟ್ಟಿಗೆ ಸಾಮಾನ್ಯವಾಗಿ ಹಕ್ಕುಸ್ವಾಮ್ಯ ಇರುವುದಿಲ್ಲ. ಬರೆದವರ ವಿವರಣೆಯ ಮಾತು, ಚಿತ್ರಗಳಿಗೆ ಇರುತ್ತದೆ. ನೀವೇ ಮಾಡಿ ನೋಡಿ, ನಿಮ್ಮ ಮಾತಿನಲ್ಲಿ ಬರೆಯಿರಿ, ಮೂಲ ಹೆಸರಿಸಿ. ಬದಲಾವಣೆ ಮಾಡಿದ್ದರೆ ಅದನ್ನೂ ಹೇಳಿ, ನಿಮ್ಮ ಪ್ರಯೋಗ ಕೆಟ್ಟದ್ದಕ್ಕೆ ಅವರು ಬೈಸಿಕೊಳ್ಳಬಾರದು.

ಪ್ರಶ್ನೆ: ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಹಾಕಿ ಬಾಟಲಿಯಲ್ಲಿ ತುಂಬಿ, ಮಾಡುವ ವಿಧಾನದ ಚೀಟಿ ಅಂಟಿಸಿ ಸ್ನೇಹಿತರಿಗೆ ಕೊಡಬೇಕೆಂದಿದ್ದೇನೆ. ಎಷ್ಟು ದಿನ ಉಳಿಯುತ್ತದೆ?

ಹೊರಗಿಡುವ ಉಡುಗೊರೆಯಾಗಿ ಇದನ್ನು ಕೊಡಬೇಡಿ. ಬೆಳ್ಳುಳ್ಳಿಗೆ ಮಣ್ಣಿನಿಂದ ಬೊಟುಲಿಸಂ ಎಂಬ, ಪ್ರಾಣಕ್ಕೇ ಕುತ್ತಾಗಬಲ್ಲ ಆಹಾರವಿಷದ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣ ಅಂಟಿರಬಹುದು. ಅದಕ್ಕೆ ಬೇಕಾದ್ದು ಗಾಳಿಯಿಲ್ಲದ, ಹುಳಿಯಿಲ್ಲದ, ತೇವದ ಜಾಗ. ಎಣ್ಣೆಯಲ್ಲಿ ಮುಳುಗಿದ ಎಸಳಿನಲ್ಲಿ ಮೂರೂ ಇವೆ. ವಿಷ ಹುಟ್ಟಿದರೂ ವಾಸನೆ, ಬಣ್ಣ ಬದಲಾಗದೆ ಇರಬಹುದು. ಮಾಡಿದ ಕೂಡಲೇ ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಬೇಕು, ಇಲ್ಲವೆ ಫ್ರೀಜರಿನಲ್ಲಿಡಬೇಕು. ಕೊಡಲೇಬೇಕೆಂದರೆ ಎಣ್ಣೆಯ ಬಾಟಲಿ ಬೇರೆ, ಇಡೀ ಬೆಳ್ಳುಳ್ಳಿ ಗಡ್ಡೆ ಬೇರೆ, ಜೊತೆಗೆ ಚೀಟಿ. ಚೀಟಿಯ ಮೊದಲ ಸಾಲಿನಲ್ಲೇ ಬರೆಯಿರಿ: ‘ಬೆರೆಸಿದ ಮೇಲೆ ಫ್ರಿಜ್ಜಿನಲ್ಲಿಡಿ, 4 ದಿನದೊಳಗೆ ಬಳಸಿ.’